ಕಾಟಾ ಚೀಟಿ ಕೇಳುವವರು ಮತದ ಲೆಕ್ಕವನ್ನೂ ಕೇಳಿರಿ
(ಸಿಂದಗಿಯ ರೈತ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ನೀವೇನು ಮಾಡುತ್ತೀರಿ? ಅಂಕಿ ಹೊಳೆದರೆ ಸಾಲದು, ಚೀಟಿ ಕೈಗೆ ಬರುವತನಕ ಗಾಡಿ ಅಲ್ಲಾಡಿಸುವುದಿಲ್ಲ. ಆ ಚೀಟಿಯ ಮೇಲೆ ಬಿಲ್ಲು, ಬಿಲ್ಲಿನ ಮೇಲೆ ಸೊಸೈಟಿ ಸಾಲ. ಮತ ಹಾಕಿದಾಗ ಮಾತ್ರ ಬರಿಗೈಲೆ ಬರ್ತೀವಿ. ಬರಲೇಬೇಕು ಬಿಡ್ರಿ, ಮತದ ಚೀಟಿ ಮನೆಗೆ ತಂದರೆ ರೊಕ್ಕ ಹಂಚಿದವ ಬಾಗಿಲಿಗೆ ಬಂದು ‘ತೋರಸು’ ಅಂದಾನು.

2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿತು. ಹಾಗಾದರೆ ಲೋಕಸಭೆಗೂ ಕಾಗದವೇ ಬರಲಿ ಎನ್ನುವವರಿದ್ದಾರೆ. ಕಾಗದದ ಗುಣ ನಮಗೆ ಗೊತ್ತು. 2020ರ ಗ್ರಾಮ ಪಂಚಾಯ್ತಿಗೆ ಈ ಜಿಲ್ಲೆಯಲ್ಲಿ ಕಾಗದದ ಮೇಲೇ ಸಿಕ್ಕೆ ಒತ್ತಿದೆವು. ಕಣ್ಣೆದುರಿಗೆ ಎಣಿಸಿದರು, ತಕರಾರು ಬಂದರೆ ಮತ್ತೆ ಎಣಿಸಬಹುದು. ಆದರೆ ಗೆರೆಯ ಮೇಲೆ ಸಿಕ್ಕೆ ಬಿದ್ದು ರದ್ದಾದ ಮತಗಳನ್ನೂ, ಹಿಂದೆ ಬೂತು ಹಿಡಿದು ಪೆಟ್ಟಿಗೆಗೆ ಕಟ್ಟುಗಟ್ಟಲೆ ತುರುಕುತ್ತಿದ್ದುದನ್ನೂ ಮರೆಯಬಾರದು. ಯಂತ್ರದಲ್ಲಿ ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ಬೀಳುವುದಿಲ್ಲ.

ಈಗ ಯಂತ್ರದ ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಚೀಟಿಯೊಂದು 7 ಸೆಕೆಂಡು ಕಂಡು ಒಳಗೆ ಬೀಳುತ್ತದೆ. ಅಂದರೆ ಕಾಗದ ಇದೆ, ಎಣಿಸುವವರಿಲ್ಲ! ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆಯ ಚೀಟಿ ಮಾತ್ರ ತಾಳೆ ನೋಡುತ್ತಾರೆ. ಎಂಟು ವಿಧಾನಸಭಾ ಕ್ಷೇತ್ರಗಳ ನಮ್ಮ ವಿಜಯಪುರ ಲೋಕಸಭೆಗೆ ಒಟ್ಟು 40. ಎಲ್ಲ ಚೀಟಿ ಎಣಿಸಿರೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟು 2024ರ ಏಪ್ರಿಲ್ 26ರಂದು ಒಪ್ಪಲಿಲ್ಲ. ನನಗೆ ಆ ತೀರ್ಪು ಸಮಾಧಾನ ತಂದಿಲ್ಲ. ಯಂತ್ರವಿರಲಿ, ಚೀಟಿಗಳನ್ನೆಲ್ಲ ಎಣಿಸಲಿ. ಎರಡು ದಿನ ತಡವಾದರೆ ಯಾರ ಬೆಳೆಯೂ ಒಣಗುವುದಿಲ್ಲ.

ಯಂತ್ರದ ಮುಂದೆ ನಮ್ಮದೇನು ನಡೀತದ ಅನ್ನಬೇಡ್ರಿ. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಷಿಣ ಮತ್ತು ಕೆಂಪು ಜೋಳಕ್ಕೆ ಬೆಲೆ ಕೇಳಿ 170ಕ್ಕೂ ಹೆಚ್ಚು ರೈತರು ಲೋಕಸಭೆಗೆ ನಿಂತರು. ಕಣದಲ್ಲಿ ಒಟ್ಟು 185 ಹೆಸರು. ಹಳೇ ಯಂತ್ರಕ್ಕೆ 64ರ ಮೇಲೆ ಹಿಡಿಯುತ್ತಿರಲಿಲ್ಲ. ಆಯೋಗ ಹೊಸ ಮಾದರಿ ತರಿಸಿ ಪ್ರತಿ ಮತಗಟ್ಟೆಗೆ 12 ಗುಂಡಿ ಪೆಟ್ಟಿಗೆ ಜೋಡಿಸಬೇಕಾಯಿತು.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲಸ. ಮತದಾನ ಮುಗಿದ ಮೇಲೆ ಮತಗಟ್ಟೆ ಅಧಿಕಾರಿ, ಒಟ್ಟು ಎಷ್ಟು ಮತ ಬಿದ್ದವೆಂದು ನಮೂನೆ 17ಸಿ ತುಂಬಿ ಏಜೆಂಟರಿಗೆ ನಕಲು ಕೊಡಬೇಕು. ಅದೇ ಊರಿನ ಕಾಟಾ ಚೀಟಿ. ಎಷ್ಟೋ ಏಜೆಂಟರು ಮಧ್ಯಾಹ್ನದ ಊಟಕ್ಕೆ ಎದ್ದವರು ಮತ್ತೆ ಬರುವುದೇ ಇಲ್ಲ. ಮುಂದಿನ ಸಲ ಲೆಕ್ಕ ಬಲ್ಲ ಹುಡುಗರನ್ನು ಕೂಡಿಸಿರಿ. ಯಂತ್ರಕ್ಕೆ ಸೀಲು ಬೀಳುವತನಕ ಅವರು ಏಳಬಾರದು. ನಕಲು ತಂದು ಪಂಚಾಯ್ತಿ ಕಟ್ಟೆಗೆ ಹಚ್ಚಿರಿ, ಎಣಿಕೆಯ ದಿನ ಅದನ್ನೇ ಒಯ್ದು ಅಂಕಿ ತಾಳೆ ನೋಡಿರಿ.