ಗಣಿಯ ಕಲ್ಲಿಗೊಂದು ಚೀಟಿ

(ಕೋಲಾರ ಚಿನ್ನದ ಗಣಿಗಳ ಅದುರು ಮಾದರಿಗಳನ್ನು ಕುರಿತು ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಮಿಲ್ಲಿನ ಬಟ್ಟೆಯ ಅಂಚಿನಲ್ಲಿ ಮಿಲ್ಲಿನ ಮೊಹರು ಇರುತ್ತದೆ. ನೇಯ್ದವನ ಹೆಸರು ಇರುವುದಿಲ್ಲ. ಹಳೆಯ ಚಿನ್ನದ ಗಣಿಗಳ ಕಲ್ಲಿನ ವಿಷಯವೂ ಹೀಗೆಯೇ. ಅಂಥ ಕಲ್ಲುಗಳನ್ನು ಕೂಡಿಡುವುದು ಉಳ್ಳವರ ಹವ್ಯಾಸವೆಂದು ನಾವು ಸುಮ್ಮನಿದ್ದೇವೆ. ಅದು ದುಡಿಯುವವರ ಕೆಲಸವೂ ಆಗಬೇಕು.

ಅದುರೆಂದರೆ ಚಿನ್ನದ ಗಟ್ಟಿಯಲ್ಲ. ಕೋಲಾರದ ಚಾಂಪಿಯನ್ ರೀಫಿನ ಅದುರು ಕಪ್ಪು ಬಂಡೆಯ ನಡುವೆ ಪಟ್ಟೆಯಂತೆ ಆಳಕ್ಕಿಳಿದ ಬೂದು ಬಣ್ಣದ ಬೆಣಚುಕಲ್ಲು. ಬಹುಪಾಲು ತುಂಡುಗಳಲ್ಲಿ ಚಿನ್ನ ಕಣ್ಣಿಗೇ ಕಾಣದು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಕೈಹಾಕಿತು. 2001ರಲ್ಲಿ ಗಣಿ ಮುಚ್ಚಿತು. ಈ ಅವಧಿಯಲ್ಲಿ ಸುಮಾರು 5 ಕೋಟಿ ಟನ್ ಅದುರು ಮೇಲೆ ಬಂತು. ಅದರಿಂದ ದೊರೆತ ಚಿನ್ನ ಸುಮಾರು 800 ಟನ್. ಲೆಕ್ಕ ಹಾಕಿ ನೋಡಿ: ಒಂದು ಗ್ರಾಂ ತೂಗುವ ಓಲೆಗೆ 60 ಕಿಲೋಗಿಂತ ಹೆಚ್ಚು ಕಲ್ಲು ಒಡೆಯಬೇಕಾಯಿತು.

ಒಡೆದವರು ಯಾರು? ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಹೊಟ್ಟೆಪಾಡಿಗೆ ಬಂದವರು; ಅವರಲ್ಲಿ ಬಹುಮಂದಿ ದಲಿತರು. ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಜನ ಸತ್ತರು. ಬೆಣಚುಕಲ್ಲಿನ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ರೋಗ ಹಬ್ಬಿತು. ಇಷ್ಟಾದ ಮೇಲೆ, ಪಾಳಿ ಮುಗಿಸಿ ಹೊರಬಂದವನ ಮೈ ತಡಕುತ್ತಿದ್ದರು. ದೊರೆಯ ಮೇಜಿನ ಮೇಲಿದ್ದರೆ ಆ ಕಲ್ಲು ಮಾದರಿ. ಕೂಲಿಯ ಜೇಬಿನಲ್ಲಿದ್ದರೆ ಕಳವು!

ಈಗ ಆ ಕಾಲದ ಕಲ್ಲುಗಳು ಸಂಗ್ರಾಹಕರ ಕೈಯಲ್ಲೋ ಶಾಲೆಯ ಬೀರುವಿನಲ್ಲೋ ಉಳಿದಿದ್ದರೆ, ಅವಕ್ಕೆ ಬೆಲೆ ತರುವುದು ಹೊಳಪಲ್ಲ, ಚೀಟಿ. ಯಾವ ಗಣಿ, ಯಾವ ಷಾಫ್ಟು, ಎಷ್ಟು ಅಡಿ ಆಳ, ಯಾವ ವರ್ಷ, ಯಾರಿಂದ ಬಂತು ಎಂಬುದು ಗೊತ್ತಿದ್ದರೆ ಅದು ಸಾಕ್ಷ್ಯ. ಚೀಟಿ ಕಳೆದರೆ ಅದು ಬರೀ ಕಲ್ಲು. ಮುಚ್ಚಿದ ಗಣಿಯಿಂದ ಇನ್ನೊಂದು ತರುವುದಕ್ಕೂ ಆಗದು.

ಮಾಡಬೇಕಾದದ್ದು ಕಷ್ಟವೇನಲ್ಲ. ಕಲ್ಲನ್ನು ನೀರು, ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ, ಆಮ್ಲ ಹಾಕಬೇಡಿ. ಮೂಲೆಯಲ್ಲಿ ಸಣ್ಣದಾಗಿ ಅಂಕಿ ಬರೆದು, ಅದೇ ಅಂಕಿಯಲ್ಲಿ ವಿವರವನ್ನು ನೋಟುಬುಕ್ಕಿಗೆ ಏರಿಸಿ. ಹಳೆಯ ಚೀಟಿ ಹರಿದಿದ್ದರೂ ಎಸೆಯಬೇಡಿ. ಹಳದಿ ಹೊಳಪಿಗೆ ಮರುಳಾಗಬೇಡಿ: ಮೆರುಗಿಲ್ಲದ ಬಿಳಿ ಬಿಲ್ಲೆಗೆ ತಿಕ್ಕಿದರೆ ಚಿನ್ನ ಹಳದಿ ಗೆರೆ ಬಿಡುತ್ತದೆ, ಪೈರೈಟು ಹಸಿರುಗಪ್ಪು ಗೆರೆ. ಅಂಗಡಿಯ ಒರೆಗಲ್ಲನ್ನು ಬಲ್ಲ ವ್ಯಾಪಾರಿ ಮಿತ್ರರಿಗೆ ಇದು ಹೊಸತಲ್ಲ.

ಒಂದು ಎಚ್ಚರಿಕೆ. ಕಲ್ಲಿಗಾಗಿ ಯಾರೂ ಪಾಳುಬಿದ್ದ ಷಾಫ್ಟಿಗೆ ಇಳಿಯಕೂಡದು. ಸಯನೈಡ್ ದಿಬ್ಬಗಳನ್ನು ಕೆದಕಕೂಡದು. ಅನುಮತಿಯಿಲ್ಲದೆ ಗಣಿ ಜಮೀನಿನಿಂದ ಏನನ್ನೂ ತರಕೂಡದು. ಮೇಲೆ ಬಂದಿರುವುದನ್ನು ಉಳಿಸಿದರೆ ಸಾಕು.

ಕೊನೆಯ ಮಾತು. ಚೀಟಿಯಲ್ಲಿ ಇನ್ನೊಂದು ಸಾಲು ಸೇರಬೇಕು: ಆ ಮಟ್ಟದಲ್ಲಿ ದುಡಿದವರ ಹೆಸರು. ಗಣಿ ಮುಚ್ಚಿ ವರ್ಷಗಳು ಕಳೆದಿವೆ. ತಳಕ್ಕೆ ಇಳಿದವರು ಮುದುಕರಾಗಿದ್ದಾರೆ, ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಕಲ್ಲು ಇನ್ನೂ ಸಾವಿರ ವರ್ಷ ಕಾಯುತ್ತದೆ, ಅವರು ಕಾಯಲಾರರು. ನಮ್ಮ ನಿಮ್ಮ ನಂಟರಲ್ಲಿ ಅಂಥವರಿದ್ದರೆ, ಈ ತಿಂಗಳೇ ಹೋಗಿ ಕೇಳಿ ಬರೆದುಕೊಳ್ಳೋಣ.