ಹೊಳೆ ಇಳಿದ ಮೇಲಿನ ಕೆಲಸ



ಸೇವಾ ಸಂಸ್ಥೆಯನ್ನು ನಡೆಸುವುದು ಹೇಗೆಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೆ ಹೊಳೆಯೇ ಕಲಿಸುತ್ತ ಬಂದಿದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆ, ನಮ್ಮಲ್ಲಿ ಬಿಸಿಲಿದ್ದರೂ ಕೃಷ್ಣೆ ಏರುತ್ತಾಳೆ. ವೇದಗಂಗಾ, ದೂಧಗಂಗಾ ಜತೆಗೂಡುತ್ತವೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗುತ್ತವೆ. ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಂತೆಂಬುದು ಚಹಾದಂಗಡಿಯ ಮಾತಾಗುತ್ತದೆ. 2005, 2019, 2021ರ ನೆರೆಗಳನ್ನು ಇಲ್ಲಿ ಯಾರಿಗೂ ನೆನಪಿಸಬೇಕಿಲ್ಲ.

ಆ ದಿನಗಳಲ್ಲಿ ನಮ್ಮ ಜನರ ಔದಾರ್ಯಕ್ಕೆ ಕೊರತೆಯಿರಲಿಲ್ಲ. ಕಟ್ಟುಕಟ್ಟು ರೊಟ್ಟಿ, ಚಾದರ, ಮೇವು ಎಲ್ಲವೂ ಬಂದವು. ಆದರೆ ಕೊಡುವ ಕೈ ಸಾಕಷ್ಟಿದ್ದರೂ ಹಂಚುವ ವ್ಯವಸ್ಥೆ ಇಲ್ಲದಿದ್ದರೆ ರಸ್ತೆ ಪಕ್ಕದ ಊರಿಗೆ ಎರಡೆರಡು ಸಲ ರೊಟ್ಟಿ ಹೋಗುತ್ತದೆ, ಕಬ್ಬಿನ ನಡುವಿನ ತೋಟದ ಮನೆಗೆ ಒಂದು ಸಲವೂ ಮುಟ್ಟುವುದಿಲ್ಲ. ಸೇವಾ ಸಂಸ್ಥೆಯ ಮುಂದಾಳಿನ ನಿಜವಾದ ಕೆಲಸ ನೆರೆ ಬಂದಾಗ ಅಲ್ಲ, ನೆರೆ ಇಲ್ಲದ ತಿಂಗಳುಗಳಲ್ಲಿ ನಡೆಯಬೇಕು. ನಾನು ಇಂದು ಹೇಳಬೇಕೆಂದಿರುವುದು ಇದನ್ನೇ.

ಇದನ್ನು ನಮ್ಮ ನಾಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತವರು ಡಾ. ನಾ. ಸು. ಹರ್ಡೀಕರ್. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದವರು, ಲಾಲಾ ಲಜಪತರಾಯರ ಜತೆ ಅಲ್ಲಿ ದುಡಿದವರು, ಹುಬ್ಬಳ್ಳಿಗೆ ಮರಳಿ ತರುಣರನ್ನು ಸಂಘಟಿಸಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿನ ಕಷ್ಟ ತಾಳದೆ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಆ ಹುಡುಗರು ಬೇರೆಯವರಿಗಿಂತ ಹೆಚ್ಚು ಧೈರ್ಯಶಾಲಿಗಳಾಗಿದ್ದರೆಂದು ನಾನು ಭಾವಿಸುವುದಿಲ್ಲ. ಅವರು ಮೊದಲೇ ಕೂಡಿ ಪಳಗಿದ್ದರು, ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಕವಾಯತು ಕಲಿಸುವ ದಳ ಅಹಿಂಸೆಗೆ ಹೊಂದುವುದೇ ಎಂದು ಕಾಂಗ್ರೆಸ್ಸಿನೊಳಗೇ ಆಕ್ಷೇಪ ಎದ್ದಿತು. ಹರ್ಡೀಕರ್ ಶಿಸ್ತನ್ನು ಬಿಡಲಿಲ್ಲ. ತಿಂಗಳ ಕೊನೆಯ ಭಾನುವಾರ ತಪ್ಪದೆ ಧ್ವಜವಂದನೆ ಎಂಬ ರೂಢಿಯನ್ನು ಸೇವಾದಳ ಹಾಕಿಕೊಟ್ಟಿತು. ಚಳವಳಿ ಇರಲಿ, ಇಲ್ಲದಿರಲಿ, ತಿಂಗಳಿಗೊಮ್ಮೆ ಎಲ್ಲರೂ ಕೂಡುವುದು. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೊಡುಗೆ ಈ ತಪ್ಪದ ಕೂಟವೇ.

1924ರ ಬೆಳಗಾವಿ ಕಾಂಗ್ರೆಸ್, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ, ಸಾಂಗವಾಗಿ ನಡೆದುದರ ಹಿಂದೆ ಈ ದಳವಿತ್ತು. ಅಲ್ಲಿ ಉಮಾಬಾಯಿ ಕುಂದಾಪುರ ಅವರನ್ನು ನೆನೆಯಲೇಬೇಕು. ದಳದ ಮಹಿಳಾ ವಿಭಾಗದ ಹೊಣೆ ಹೊತ್ತ ಅವರು ಊರೂರು ತಿರುಗಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವೆಗೆ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಆ ಕಾಲದಲ್ಲಿ ಒಬ್ಬ ವಿಧವೆಯನ್ನು ಮನೆಯ ಹೊಸ್ತಿಲು ದಾಟಿಸಲು ಅವಳ ಅತ್ತೆ, ಭಾವ, ಓಣಿಯ ಹಿರಿಯರು ಎಲ್ಲರೊಂದಿಗೂ ಮಾತಾಡಬೇಕಿತ್ತು. ಸ್ವತಃ ವಿಧವೆಯಾಗಿದ್ದ ಉಮಾಬಾಯಿಗೆ ಆ ಕಷ್ಟ ಗೊತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅವರು ಅಧಿಕಾರ ಬಯಸದೆ ಹುಬ್ಬಳ್ಳಿಯ ಪುಟ್ಟ ಮನೆಯಲ್ಲಿ ಬದುಕಿದರು. ಹರ್ಡೀಕರರು ನಮ್ಮ ರಾಯಬಾಗದ ನೆರೆಯ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯ ಧಾಮದ ಕೆಲಸಕ್ಕೆ ನಿಂತರು.

ಮೊದಲೇ ಸಜ್ಜಾಗಿರಬೇಕೆಂಬ ಇದೇ ವಿಚಾರ ರೆಡ್‌ಕ್ರಾಸ್‌ನ ಮೂಲದಲ್ಲೂ ಇದೆ. 1859ರಲ್ಲಿ ಸೋಲ್ಫೆರಿನೋ ರಣರಂಗದಲ್ಲಿ ಗಾಯಾಳುಗಳ ನರಳಾಟ ಕಂಡ ಹೆನ್ರಿ ಡ್ಯೂನಾ, ಮುಂದೆ ಬರೆದ ಪುಸ್ತಕದಲ್ಲಿ ಕೇಳಿದ್ದು ಶಾಂತಿಯ ಕಾಲದಲ್ಲೇ ಸ್ವಯಂಸೇವಕರ ಸಂಘಗಳನ್ನು ಕಟ್ಟಿಡಿ ಎಂದು.

ನಮ್ಮ ಐದು ತಾಲೂಕುಗಳಲ್ಲಿ ಹೀಗೆ ಕಟ್ಟಿಡುವುದೆಂದರೆ ಮೊದಲು ದನಕರುಗಳ ಲೆಕ್ಕ. ಎಮ್ಮೆ ಬಿಟ್ಟು ರೈತ ಮನೆ ಬಿಡುವುದಿಲ್ಲ. ಅದನ್ನು ಹಟವೆಂದು ಬೈಯುವವನು ಮುಂದಾಳಾಗಲಾರ. ಆ ಮನೆಯ ವರ್ಷದ ಗಳಿಕೆ ಕೊಟ್ಟಿಗೆಯಲ್ಲಿ ನಿಂತಿದೆ. ಕಾಳಜಿ ಕೇಂದ್ರದ ಪಕ್ಕದಲ್ಲೇ ದನ ಕಟ್ಟಲು ಎತ್ತರದ ಜಾಗ ಮತ್ತು ಕಣಿಕೆ ಇದೆಯೆಂದು ಮೊದಲೇ ತೋರಿಸಿದರೆ ಅವನು ಬೇಗ ಹೊರಡುತ್ತಾನೆ. ಬಸುರಿಯರು, ಹಾಸಿಗೆ ಹಿಡಿದವರು ಯಾವ ತೋಟದಲ್ಲಿದ್ದಾರೆಂಬುದು ಆಶಾ ಕಾರ್ಯಕರ್ತೆಯರಿಗೆ ಗೊತ್ತು, ಅವರನ್ನು ನಮ್ಮ ಸಂಸ್ಥೆಯ ಸಮಿತಿಯಲ್ಲಿ ಕೂಡಿಸಿಕೊಳ್ಳಬೇಕು. ನಿಪ್ಪಾಣಿ ಕಡೆ ಹೋಗುವ ಸ್ವಯಂಸೇವಕನಿಗೆ ಕನ್ನಡದ ಜತೆ ಮರಾಠಿಯೂ ಬರಬೇಕು. ನೀರಿನ ನಡುವೆ ಕೂತ ಮುದುಕಿಗೆ ಅವಳ ಮಾತಿನಲ್ಲೇ ಸಮಾಧಾನ ಹೇಳಬೇಕು. ಹಣದ ಜಮಾ-ಖರ್ಚು ಊರಿನ ಚಾವಡಿಯಲ್ಲಿ ಅಂಟಿಸಬೇಕು, ಯಾರೂ ಕೇಳುವ ಮೊದಲೇ.

ಸಮಿತಿಯವರಲ್ಲಿ ನನ್ನ ಬೇಡಿಕೆ ಇಷ್ಟು. ಈ ತಿಂಗಳ ಕೊನೆಯ ಭಾನುವಾರ ಕಾಗವಾಡ ತಾಲೂಕಿನ ಜುಗೂಳ, ಮಂಗಾವತಿಯಿಂದ ಆರಂಭಿಸಿ. ಮನೆಮನೆಗೆ ಹೋಗಿ ಪಟ್ಟಿ ಬರೆಯಿರಿ: ಜನ ಎಷ್ಟು, ದನ ಎಷ್ಟು, ಈಜು ಬಲ್ಲವರು ಯಾರು, ದೋಣಿ ಯಾರ ಬಳಿ ಇದೆ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡಿ, ಒಂದನ್ನು ಎತ್ತರದ ಶಾಲೆಯಲ್ಲಿಡಿ. ಮುಂದಿನ ತಿಂಗಳು ಯಡೂರ, ಕಲ್ಲೋಳ.