ಕಾರಿನ ತಲೆಯ ಮೇಲಿನ ಹೇರು



ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಗಡಿಯಂಚಿನ ಊರಿನಲ್ಲಿ ಮದುವೆ ಮುಗಿದ ಮರುದಿನ ಹೆಣ್ಣಿನ ಮನೆಯ ಮುಂದೆ ನಿಂತ ಕ್ರೂಸರ್ ಗಾಡಿಯನ್ನು ನೋಡಿದವರಿಗೆ ಇಂದಿನ ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ. ಒಳಗೆ ಬೀಗರು, ತಲೆಯ ಮೇಲೆ ಹೊಸ ಸಂಸಾರ. ಹತ್ತಿಯ ಗಾದಿ, ಮಂಚದ ಬಿಡಿಭಾಗಗಳು, ಮಲಗಿಸಿದ ಕಬ್ಬಿಣದ ಅಲಮಾರಿ, ಭಾಂಡೆ ತುಂಬಿದ ಗೋಣಿಚೀಲ, ಎಲ್ಲಕ್ಕೂ ಮೇಲೆ ತಲೆಕೆಳಗಾದ ಎರಡು ಪ್ಲಾಸ್ಟಿಕ್ ಕುರ್ಚಿ. ಇಷ್ಟನ್ನೂ ಹಿಡಿದಿರುವುದು ಒಂದು ನೀಲಿ ಹಗ್ಗ. ಗಾಡಿ ಉದಗೀರಿನ ಕಡೆಗೋ ಬೀದರಿನ ಕಡೆಗೋ ಹೊರಡುತ್ತದೆ. ತಂದೆ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಆ ಹಗ್ಗದ ಗಂಟನ್ನು ನಂಬಿ ಸಾಗುತ್ತದೆ. ಹಿಂದೆ ಮೋಟರ್‌ಸೈಕಲ್ ಮೇಲೆ ಬರುತ್ತಿರುವ ಅಪರಿಚಿತನ ಜೀವವೂ ಅದೇ ಗಂಟನ್ನು ನಂಬಿದೆ. ಅದು ಅವನಿಗೆ ಗೊತ್ತಿರುವುದಿಲ್ಲ, ಅಷ್ಟೇ.

(ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿಯೂ ಒಂದು ಮೆಹಕರ ಇದೆ. ಇಲ್ಲಿ ಹೇಳುತ್ತಿರುವುದು ಬೀದರ್ ಜಿಲ್ಲೆಯದು.)

ಈಗ ಆ ನೀಲಿ ಹಗ್ಗದ ಜಾಗಕ್ಕೆ ಪಟ್ಟಿ ಬರುತ್ತಿದೆ. ಪಟ್ಟಿಯೆಂದರೆ ಎರಡು ಬೆರಳಗಲದ, ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬೆಲ್ಟು, ತುದಿಯಲ್ಲಿ ಒಂದು ಲೋಹದ ಬಕಲ್. ಕಾರಿನ ಮಾಡಿನ ಮೇಲೆ ಮೆತ್ತನೆಯ ಎರಡು ದಿಂಬುಗಳನ್ನು ಅಡ್ಡಲಾಗಿ ಇಟ್ಟು, ಬಾಗಿಲು ತೆರೆದು, ಪಟ್ಟಿಯನ್ನು ಕಾರಿನ ಒಳಗಿನಿಂದ ಸುತ್ತಿ ತಂದು ಬಿಗಿದು, ಬಾಗಿಲು ಮುಚ್ಚಿದರೆ ಕ್ಯಾರಿಯರ್ ಸಿದ್ಧ. ಸ್ಕ್ರೂ ಇಲ್ಲ, ಬೆಸುಗೆ ಇಲ್ಲ. ಊರು ಮುಟ್ಟಿದ ಮೇಲೆ ಬಿಚ್ಚಿ ಚೀಲದಲ್ಲಿ ಮಡಚಿಟ್ಟರೆ ಆಯಿತು. ಜಾಣ ಉಪಾಯವೇ. ಆದರೆ ಅದನ್ನು ಕೊಂಡವರಿಗೆ ಅಂಗಡಿಯವನು ಪಟ್ಟಿಯನ್ನು ಕೊಡುತ್ತಾನೆಯೇ ಹೊರತು ಕಟ್ಟುವ ಕೈಯನ್ನು ಕೊಡುವುದಿಲ್ಲ. ಈ ಸೀಮೆಯಲ್ಲಿ ಆ ಕೈ ಹೇಗೆ ಬೆಳೆದಿತ್ತು, ಎಲ್ಲಿಗೆ ಹೋಯಿತು ಎಂಬುದೇ ಈ ಮಾತಿನ ತಿರುಳು.

ಕನ್ನಡದಲ್ಲಿ ‘ಹೇರು’ ಎಂಬ ಮಾತು ಕ್ರಿಯಾಪದವೂ ಹೌದು, ನಾಮಪದವೂ ಹೌದು. ಎತ್ತಿನ ಬೆನ್ನಿನ ಮೇಲೆ ಎರಡೂ ಕಡೆಗೆ ತೂಗುವಂತೆ ಹಾಕಿದ ಭಾರಕ್ಕೆ ಹೇರು ಎನ್ನುತ್ತಾರೆ. ಇದರಲ್ಲಿ ಪಳಗಿದವರು ಬಂಜಾರರು. ಇಂದು ಔರಾದ, ಭಾಲ್ಕಿಗಳ ತಾಂಡಾಗಳಲ್ಲಿ ನೆಲೆಸಿರುವ ಈ ಜನರ ಹಿರಿಯರು ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಕ್ಖನ್ನಿನ ಉದ್ದಗಲಕ್ಕೂ ಓಡಾಡಿದವರು. ಮೊಗಲರ ಸೇನೆಗೆ ಅನ್ನ ಮುಟ್ಟಿಸಿದವರು ಅವರು. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಪಡೆಗೂ ಧಾನ್ಯ ಒದಗಿಸಿದ್ದು ಬಂಜಾರರ ಎತ್ತುಗಳೇ. ಹೇರಿನಲ್ಲಿ ಮೊದಲ ಪಾಠ ಸಮತೋಲ. ಎಡಚೀಲ ಬಲಚೀಲಕ್ಕಿಂತ ತುಸು ಭಾರವಾದರೂ ಹತ್ತು ಹರದಾರಿಯೊಳಗೆ ಎತ್ತಿನ ಬೆನ್ನು ಹುಣ್ಣಾಗುತ್ತದೆ. ಕಾರಿಗೆ ಹುಣ್ಣಾಗುವುದಿಲ್ಲ, ಅದು ತಿರುವಿನಲ್ಲಿ ವಾಲುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲು ಬಂದು ಬಂಜಾರರ ಆ ವ್ಯಾಪಾರವನ್ನು ನುಂಗಿತು.

ಎತ್ತಿನ ಬೆನ್ನಿನ ನಂತರ ಬಂಡಿ. ಬಂಡಿಯ ಮೇಲೆ ಆಳೆತ್ತರಕ್ಕೆ ಒಟ್ಟಿದ ಜೋಳದ ಕಣಿಕೆ ಉರುಳದಂತೆ ಹೊಲದಿಂದ ಕಣಕ್ಕೆ ಬರಬೇಕಾದರೆ ಹಗ್ಗ ಬೇಕು. ಹಗ್ಗಕ್ಕೆ ನಾರು ಬೇಕು. ಈ ಭಾಗದಲ್ಲಿ ನಾರು ಕೊಟ್ಟದ್ದು ಪುಂಡಿ. ಎಲೆ ಪಲ್ಯಕ್ಕೆ, ದಂಟು ಹಗ್ಗಕ್ಕೆ. ಪುಂಡಿಯ ದಂಟುಗಳನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಒಣಗಿಸಿ, ಹೊಸೆದು ಕಣ್ಣಿ, ಮಿಣಿ, ಹಗ್ಗ ಮಾಡುತ್ತಿದ್ದರು. ಸಣಬೂ ಕತ್ತಾಳೆಯೂ ಇದ್ದವು. ಕಾರ ಹುಣ್ಣಿಮೆಗೆ ಎತ್ತುಗಳಿಗೆ ಹೊಸ ಹಗ್ಗ ಬರಬೇಕು. ಮರಾಠವಾಡಾ ಮತ್ತು ಬೀದರ್ ಗಡಿಯ ಊರುಗಳಲ್ಲಿ ಹಗ್ಗ ಹೊಸೆಯುವುದು ಮಾಂಗ್ ಅಥವಾ ಮಾತಂಗ ಸಮುದಾಯದ ಪರಂಪರಾಗತ ಕಸುಬಾಗಿತ್ತು. ಹಗ್ಗ ಕೊಟ್ಟವರಿಗೆ ರೈತ ಸುಗ್ಗಿಯಲ್ಲಿ ಕಾಳು ಅಳೆಯುತ್ತಿದ್ದ. ಊರಿನ ಬಂಡಿಗಳನ್ನೆಲ್ಲ ಬಿಗಿದಿಟ್ಟವರ ಮನೆಗಳು ಮಾತ್ರ ಊರ ಹೊರಗಿದ್ದವು ಎಂಬುದನ್ನೂ ಇಲ್ಲಿ ಹೇಳದೆ ಬಿಡಬಾರದು. ಕಾರ್ಖಾನೆಯ ಹಗ್ಗ ಸಂತೆಗೆ ಬಂದ ಮೇಲೆ ಆ ಕಸುಬಿನ ಬೆಲೆ ಕುಸಿಯಿತು. ಅಳೆಯುವ ಕಾಳೂ ನಿಂತಿತು.

ಹೈದರಾಬಾದಿನ ನಿಜಾಮರ ಸಂಸ್ಥಾನದಲ್ಲಿ ರೈಲ್ವೆಯವರೇ 1932ರಲ್ಲಿ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಆರಂಭಿಸಿದರು. ಬೀದರ್ ಆಗ ಆ ಸಂಸ್ಥಾನದ ಜಿಲ್ಲೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಸಂಸ್ಥಾನ ಹೋಯಿತು, ಸಾರಿಗೆ ಸಂಸ್ಥೆಯ ಹೆಸರು ಹಲವು ಸಲ ಬದಲಾಯಿತು. ಹಿಂಬದಿಗೆ ಏಣಿ, ತಲೆಯ ಮೇಲೆ ಕಬ್ಬಿಣದ ಕಟಾಂಜನ ಇದ್ದ ಬಸ್ಸುಗಳು ಮಾತ್ರ ಬಹುಕಾಲ ಉಳಿದುಕೊಂಡವು. ಮೂಟೆ, ಸೈಕಲ್ಲು, ಕೋಳಿಬುಟ್ಟಿಗಳೆಲ್ಲ ಆ ಏಣಿಯಲ್ಲಿ ಏರಿದವು. ಮೇಲೆ ನಿಂತು ಸಾಮಾನು ಕಟ್ಟುವ ಹಮಾಲನಿಗೆ ಯಾವ ಊರಿನ ಮೂಟೆ ಎಲ್ಲಿರಬೇಕು ಎಂಬ ಲೆಕ್ಕವೂ ಗೊತ್ತಿರಬೇಕಿತ್ತು. ಮೊದಲು ಇಳಿಯುವವನದು ಕೊನೆಗೆ ಏರಬೇಕು.

ಕಾರಿನ ಮಾಡಿನ ಕತೆ ಬೇರೆ. ಮೊದಮೊದಲ ಕಾರುಗಳ ಮಾಡು ಮರದ ಚೌಕಟ್ಟಿಗೆ ಬಿಗಿದ ಬಟ್ಟೆ; ಅದರ ಮೇಲೆ ಹೇರುವ ಮಾತೇ ಇಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1935ರ ಮಾದರಿಗಳಲ್ಲಿ ಇಡೀ ಉಕ್ಕಿನ ಹಾಳೆಯ ಮಾಡನ್ನು ತಂದಿತು. ಉಕ್ಕಿನ ಮಾಡಿನ ಅಂಚಿನಲ್ಲಿ ಮಳೆನೀರು ಹರಿಯಲೆಂದು ಒಂದು ಸಣ್ಣ ದೋಣಿ ಇರುತ್ತಿತ್ತು. ಕ್ಯಾರಿಯರಿನ ಕಾಲುಗಳು ಹಿಡಿದುಕೊಂಡದ್ದು ಆ ದೋಣಿಯನ್ನೇ. ನಮ್ಮ ದೇಶದ ಅಂಬಾಸಿಡರ್‌ಗೂ ಪ್ರೀಮಿಯರ್ ಪದ್ಮಿನಿಗೂ ಈ ದೋಣಿ ಇತ್ತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯ ಚಿತ್ರ ಬರೆಯುವ ಮಗು ಕೂಡ ಮೇಲೊಂದು ಕ್ಯಾರಿಯರ್ ಗೀಚುತ್ತಿತ್ತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ವರ್ಷ ತುಂಬಿ 2023ರ ಅಕ್ಟೋಬರಿನಲ್ಲಿ ಅದೂ ರಸ್ತೆಯಿಂದ ಇಳಿಯಿತು.

ಅಷ್ಟರಲ್ಲಿ ಕಾರು ತಯಾರಕರು ಗಾಳಿಗೆ ತಡೆಯಾಗುವ ಆ ದೋಣಿಯನ್ನು ಕೈಬಿಟ್ಟು ಮಾಡನ್ನು ನುಣ್ಣಗೆ ಮಾಡಿದ್ದರು. ಹಳೆಯ ಕ್ಯಾರಿಯರಿನ ಕಾಲಿಗೆ ಹಿಡಿತವೇ ಇಲ್ಲವಾಯಿತು. ಆ ತೆರಪಿನಲ್ಲಿ ಬಂದದ್ದು ಪಟ್ಟಿಯ ಕ್ಯಾರಿಯರ್. ಅದರ ನಾರಿಗೂ ಚರಿತ್ರೆ ಇದೆ. ನೈಲಾನ್ 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಕೆರೋದರ್ಸ್ ಅವರ ಪ್ರಯೋಗಾಲಯದಲ್ಲಿ ಹುಟ್ಟಿತು. ಪಾಲಿಯೆಸ್ಟರ್ ನೂಲು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅವರಿಂದ ಬಂತು.

ನಾರಿನ ಗುಣ ತಿಳಿಯದೆ ಕಟ್ಟಿದರೆ ಫಲವಿಲ್ಲ. ಪುಂಡಿ, ಸಣಬಿನ ಹಗ್ಗ ನೆನೆದರೆ ಉಬ್ಬಿ ಉದ್ದದಲ್ಲಿ ಕುಗ್ಗುತ್ತದೆ. ಮಳೆಯಲ್ಲಿ ಬಿಗಿಯುತ್ತದೆ, ಬಿಸಿಲಿಗೆ ಸಡಿಲುತ್ತದೆ. ನೈಲಾನಿನದು ತದ್ವಿರುದ್ಧ, ನೆನೆದರೆ ಹಿಗ್ಗುತ್ತದೆ. ಬೀದರಿನಲ್ಲಿ ಒಣಗಿದ್ದಾಗ ಬಿಗಿದ ಗಂಟು ದಾರಿಯಲ್ಲಿ ಮಳೆ ಹಿಡಿದರೆ ಸಡಿಲವಾಗಬಹುದು. ಪಾಲಿಯೆಸ್ಟರ್ ನೀರಿಗೆ ಅಷ್ಟಾಗಿ ಸೋಲುವುದಿಲ್ಲ, ಹಿಗ್ಗುವುದೂ ಕಡಿಮೆ. ಪಟ್ಟಿಗೆ ಅದನ್ನೇ ಆರಿಸಿದ್ದು ಇದಕ್ಕಾಗಿ. ಇನ್ನು ಸಂತೆಯಲ್ಲಿ ‘ನೈಲಾನ್’ ಎಂದೇ ಮಾರುವ ಅಗ್ಗದ ನೀಲಿ, ಹಳದಿ ಹಗ್ಗ ಬಹುಪಾಲು ನೈಲಾನೇ ಅಲ್ಲ, ಪಾಲಿಪ್ರೊಪಿಲೀನ್. ಬಿಸಿಲಿಗೆ ಬೇಗ ಸೋಲುವ ನಾರು ಅದು. ನಲವತ್ತು ಡಿಗ್ರಿ ಮುಟ್ಟುವ ಈ ಸೀಮೆಯ ಬೇಸಿಗೆಯಲ್ಲಿ ಗಾಡಿಯ ಮೇಲೆಯೇ ಬಿದ್ದಿದ್ದ ಹಗ್ಗವನ್ನು ಮುಟ್ಟಿ ನೋಡಿ. ಕೈಗೆ ಪುಡಿ ಅಂಟುತ್ತದೆ. ಅಂಥ ಹಗ್ಗ ಅಲಮಾರಿ ಹಿಡಿಯಲಾರದು.

ಈಗ ಬಲದ ಲೆಕ್ಕ. ಬೆದರಿದ ಎತ್ತಿನ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದರೆ ಹತ್ತು ವರ್ಷದ ಹುಡುಗನೂ ನಿಲ್ಲಿಸಬಲ್ಲ. ಇದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಇದಕ್ಕೆ ಸೂತ್ರ ಕಟ್ಟಿಕೊಟ್ಟ. ಸಾಧಾರಣ ಘರ್ಷಣೆಯಿದ್ದರೆ ಒಂದು ಸುತ್ತಿಗೆ ಹಿಡಿತ ಆರೇಳು ಪಟ್ಟು, ಎರಡು ಸುತ್ತಿಗೆ ನಲವತ್ತು ಪಟ್ಟಿಗೂ ಮಿಕ್ಕಿ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುವುದಿಲ್ಲ, ಗುಣಿಸುತ್ತದೆ. ಸನ್ನೆ ಹಾಕಿ ಬಿಗಿಯುವ ರ‍್ಯಾಚೆಟ್ ಬಕಲ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಅದರ ಉರುಳೆಯ ಮೇಲೆ ಪಟ್ಟಿ ಕನಿಷ್ಠ ಎರಡು ಸುತ್ತಾದರೂ ಸುತ್ತಿಕೊಳ್ಳಬೇಕು. ಅರ್ಧ ಸುತ್ತಿಗೆ ‘ಕಟ್’ ಎಂದು ಸದ್ದಾಯಿತೆಂದು ಬಿಟ್ಟರೆ ಜಾರುತ್ತದೆ. ಪಟ್ಟಿ ಉದ್ದ ಸಾಲದೆಂದು ಗಂಟು ಹಾಕಿ ಜೋಡಿಸುವವರೂ ಇದ್ದಾರೆ. ಗಂಟು ಬಿದ್ದಲ್ಲಿ ಪಟ್ಟಿಯ ಶಕ್ತಿ ಅರ್ಧದಷ್ಟು ಕುಗ್ಗಬಹುದು. ಲಾರಿ ಚಾಲಕರು ಹಗ್ಗದ ನಡುವೆ ಕುಣಿಕೆ ಮಾಡಿ, ಕೆಳಗಿನ ಕೊಂಡಿಗೆ ತೂರಿಸಿ, ಮತ್ತೆ ಕುಣಿಕೆಯೊಳಗೆ ತಂದು ಎಳೆಯುವ ಕಟ್ಟು ಬಕಲ್ ಇಲ್ಲದೆಯೇ ರಾಟೆಯ ಕೆಲಸ ಮಾಡುತ್ತದೆ. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ ಒಬ್ಬನ ಎಳೆತಕ್ಕೆ ಮೂವರ ಬಲ. ಯಾವ ಪಾಲಿಟೆಕ್ನಿಕ್ಕಿನಲ್ಲೂ ಕಲಿಯದೆ ಕ್ಲೀನರ್ ಹುಡುಗರು ಇದನ್ನು ಕಣ್ಣುಮುಚ್ಚಿ ಹಾಕುತ್ತಾರೆ.

ಭಾರವೇ ಸಾಮಾನನ್ನು ಹಿಡಿದಿಡುತ್ತದೆ ಎಂಬ ನಂಬಿಕೆ ಬಂಡಿಯ ಕಾಲದ್ದು. ಬಂಡಿ ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುತ್ತಿತ್ತು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 40ರಿಂದ 80ಕ್ಕೆ ಹೋದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 80 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 30 ಕಿಲೋ ತೂಕದಷ್ಟು ಒತ್ತುತ್ತದೆ. ಆರಡಿ ಉದ್ದ, ನಾಲ್ಕಡಿ ಅಗಲದ ಗಾದಿಯ ವಿಸ್ತೀರ್ಣ ಎರಡು ಚದರ ಮೀಟರಿಗೂ ಹೆಚ್ಚು. ಮುಂದಿನ ಅಂಚು ನಾಲ್ಕು ಬೆರಳು ಎದ್ದರೆ ಸಾಕು, ಗಾಳಿ ಕೆಳಗೆ ನುಗ್ಗಿ ಇಪ್ಪತ್ತು ಕಿಲೋದ ಗಾದಿಯನ್ನು ಹಾಯಿಯಂತೆ ಎತ್ತುತ್ತದೆ. ನಡುವಿಗೆ ಕಟ್ಟಿದ ಒಂದೇ ಪಟ್ಟಿ ಆಗ ತಿರುಗುಣಿಯಾಗುತ್ತದೆ. ಆದ್ದರಿಂದ ಉದ್ದನೆಯ ಸಾಮಾನಿಗೆ ಅಡ್ಡಪಟ್ಟಿ ಎರಡಾದರೂ ಇರಬೇಕು. ಜೊತೆಗೆ ಮೂತಿಯಿಂದ ಒಂದು ಹಗ್ಗ ಕಾರಿನ ಮುಂದಿನ ಕೊಂಡಿಗೆ, ಬಾಲದಿಂದ ಇನ್ನೊಂದು ಹಿಂದಿನ ಕೊಂಡಿಗೆ ಇಳಿಯಬೇಕು. ಬ್ರೇಕಿನ ಮಾತೂ ಅಷ್ಟೇ ಮುಖ್ಯ. ಯುರೋಪಿನ ಸರಕು ಬಿಗಿಯುವ ಮಾನದಂಡದ ಪ್ರಕಾರ ಕಟ್ಟು ಮುಂದಕ್ಕೆ ಸರಕಿನ ತೂಕದ ಹತ್ತರಲ್ಲಿ ಎಂಟು ಪಾಲು ಬಲವನ್ನು ತಡೆಯಬೇಕು, ಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧದಷ್ಟು. 50 ಕಿಲೋ ಅಲಮಾರಿ ಗಟ್ಟಿ ಬ್ರೇಕಿಗೆ 40 ಕಿಲೋ ಬಲದಿಂದ ಚಾಲಕನ ಗಾಜಿನತ್ತ ಹೊರಡುತ್ತದೆ ಎಂದರ್ಥ.

ಸಣ್ಣ ಕಾರಿನ ಮಾಡಿಗೆ ಅಲಮಾರಿ ಏರಿಸಲೇಬಾರದು ಎಂಬುದು ಬೇರೆ ಮಾತು. ಅನೇಕ ಸಣ್ಣ ಕಾರುಗಳ ಮಾಡು ತಾಳುವುದು 50ರಿಂದ 75 ಕಿಲೋ ಮಾತ್ರ. ಕಾರಿನೊಂದಿಗೆ ಬರುವ ಕೈಪಿಡಿಯಲ್ಲಿ ಆ ಅಂಕಿ ಅಚ್ಚಾಗಿರುತ್ತದೆ, ಕೈಪಿಡಿ ಪ್ಲಾಸ್ಟಿಕ್ ಕವರಿನಲ್ಲಿಯೇ ಇರುತ್ತದೆ.

ಕಾಯಿದೆ ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ವಾಹನದ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವುದನ್ನು ತಡೆಯುತ್ತದೆ. ಬಿಚ್ಚಿಡಬಹುದಾದ ಪಟ್ಟಿಯ ಕ್ಯಾರಿಯರ್ ಜನರಿಗೆ ಹಿಡಿಸಲು ಇದೂ ಒಂದು ಕಾರಣ. ಆದರೆ ಸರಕು ಮಿತಿಮೀರಿ ಪಕ್ಕಕ್ಕೋ ಮುಂದಕ್ಕೋ ಹಿಂದಕ್ಕೋ ಎತ್ತರಕ್ಕೋ ಚಾಚಿದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಇಳಿಸುವ ಕೂಲಿ ಬೇರೆ. 123ನೇ ಕಲಂ ವಾಹನದ ಮಾಡಿನ ಮೇಲೆ ಜನ ಕೂರುವುದನ್ನು ನಿಷೇಧಿಸುತ್ತದೆ. ಜಾತ್ರೆಯ ದಿನಗಳಲ್ಲಿ ಖಾನಾಪುರದ ಮೈಲಾರ ಮಲ್ಲಣ್ಣನ ಕಡೆಗೋ ತುಳಜಾಪುರದ ಕಡೆಗೋ ಹೊರಟ ಗಾಡಿಗಳ ಚಾಲಕರು ಈ ಕಲಮನ್ನು ನೆನೆಯಬೇಕು. ಕ್ಯಾರಿಯರಿನ ಮೇಲೆ ಹಾಸಿದ ಸತರಂಜಿ ಯಾರನ್ನೂ ಹಿಡಿದಿಡುವುದಿಲ್ಲ. ಐವತ್ತು ಕಿಲೋ ಪೆಟ್ಟಿಗೆಗೆ ಎರಡು ಪಟ್ಟಿ ಬಿಗಿದು, ಐವತ್ತು ಕಿಲೋ ಹುಡುಗನನ್ನು ಅದರ ಪಕ್ಕದಲ್ಲಿ ಬರಿದೇ ಕೂರಿಸುವುದು ಎಂಥ ಲೆಕ್ಕವೋ!

ಇನ್ನು ಕೆಲವು ಸಣ್ಣ ಸಂಗತಿಗಳು. ಬಾಗಿಲಿನ ಸಂದಿನಿಂದ ಒಳಗೆ ಬಂದ ಪಟ್ಟಿ ಮಳೆಯಲ್ಲಿ ದೀಪದ ಬತ್ತಿಯಂತೆ ನೀರನ್ನು ಒಳಕ್ಕೆ ಎಳೆಯುತ್ತದೆ, ಕೆಳಗೆ ಕೂತವರ ಹೆಗಲು ನೆನೆಯುತ್ತದೆ. ಪಟ್ಟಿಯನ್ನು ಕಿಟಕಿಯಿಂದ ತೂರಿಸಿ ಕಟ್ಟಿದರೆ ಬಾಗಿಲೇ ತೆರೆಯದು. ಅವಸರದಲ್ಲಿ ಹೊರಬರಬೇಕಾದಾಗ ಅದರ ಅರ್ಥ ತಿಳಿಯುತ್ತದೆ. ಅಲಮಾರಿಯ ಚೂಪಾದ ಮೂಲೆಗೆ ಪಟ್ಟಿ ತಾಗುವಲ್ಲಿ ಗೋಣಿಯ ತುಂಡು ಮಡಚಿಡಬೇಕು, ಇಲ್ಲವಾದರೆ ನೂರು ಕಿಲೋಮೀಟರಿನ ಅಲುಗಾಟ ಅದನ್ನು ಗರಗಸದಂತೆ ಕೊಯ್ಯುತ್ತದೆ. ಹೊರಟ ಮೊದಲ ಹತ್ತು ಕಿಲೋಮೀಟರಿನಲ್ಲಿ ಸಾಮಾನು ಕುಸಿದು ತನ್ನ ಜಾಗ ಕಂಡುಕೊಳ್ಳುತ್ತದೆ, ಪಟ್ಟಿ ಆ ಅಳತೆಗೆ ಸಡಿಲಾಗುತ್ತದೆ. ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಲೇಬೇಕು.

ಮತ್ತೆ ಕೆಲವರು ದಾರಿಯಲ್ಲಿ ಮಾಡಿನಿಂದ ಗುಂಯ್ ಎಂಬ ಸದ್ದು ಬರುತ್ತದೆಂದು ಹೆದರಿ ಗಾಡಿ ನಿಲ್ಲಿಸುತ್ತಾರೆ. ಅದು ಚಪ್ಪಟೆ ಪಟ್ಟಿ ಗಾಳಿಗೆ ಕಂಪಿಸುವ ಸದ್ದು, ಬೇರೇನಲ್ಲ. ಕಟ್ಟುವಾಗಲೇ ಪಟ್ಟಿಗೆ ಒಂದೆರಡು ತಿರುವು ಕೊಟ್ಟರೆ ಗಾಳಿ ಒಂದೇ ಸಮ ಹಿಡಿಯದೆ ಸದ್ದು ಅಡಗುತ್ತದೆ.